ಧ್ವಜದ ಇನ್ನೊಂದು ಕೋಲು

"ಕೋಲು ಎರಡು, ಹಿಡಿಯೋರು ಒಬ್ಬರೇ. ಏನು ಮಾಡೋಣ, ನೀವೇ ಹೇಳಿ," ಎಂದು ಊರಿನ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಮಡಿಸಿದ ಧ್ವಜವನ್ನು ಮೇಜಿನ ಮೇಲಿಟ್ಟು ತಲೆ ಕೆರೆದುಕೊಂಡ. ಕಸುಬಿನಲ್ಲಿ ಅವನು ಕ್ಷೌರಿಕ. ಊರವರ ತಲೆಯನ್ನೆಲ್ಲ ನೋಡಿಕೊಳ್ಳುವವನಿಗೆ ಈಗ ತನ್ನ ತಲೆ ಬಾಚಿಕೊಳ್ಳಲೂ ಪುರಸೊತ್ತಿರಲಿಲ್ಲ. ಕಾಸು ಮುಟ್ಟದೆ ಆಡುವ ಕ್ಲಬ್ಬುಗಳ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್ ನಲವತ್ತು ವರ್ಷಗಳ ಮೇಲೆ ಮತ್ತೆ ಇವರ ಊರಿಗೆ ಬಂದಿತ್ತು. ಮೊದಲ ದಿನ, ಹಿಂದೆ ಗೆದ್ದ ಕ್ಲಬ್ಬುಗಳ ಧ್ವಜಗಳೆಲ್ಲ ಮೈದಾನಕ್ಕೆ ಒಂದು ಸುತ್ತು ಬರುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಹಿಡಿಯುವ ಇಬ್ಬರಲ್ಲಿ ಒಬ್ಬನಾದರೂ ಆ ಕ್ಲಬ್ಬಿಗೆ ಆಡಿದವನಾಗಿರಬೇಕು. ಅಂಥವನು ಸಿಗದಿದ್ದರೆ ಧ್ವಜ ಮಡಿಸಿದ ಹಾಗೆಯೇ ಮೇಜಿನ ಮೇಲೆ ಉಳಿಯುತ್ತದೆ.

ಈ ಧ್ವಜ ನಲವತ್ತು ವರ್ಷಗಳ ಹಿಂದೆ ಫೈನಲ್‌ನಲ್ಲಿ ಈ ಊರನ್ನೇ ಸೋಲಿಸಿದ, ದೂರದ ಒಂದು ಕಬ್ಬಿಣದ ಕಾರ್ಖಾನೆಯ ಕ್ಲಬ್ಬಿನದು. ಕಾರ್ಖಾನೆ ಮುಚ್ಚಿತ್ತು, ಆಡಿದವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಉಳಿದವನು ಅಂದಿನ ಗೋಲ್‌ಕೀಪರ್ ಒಬ್ಬನೇ. ತಮ್ಮನ್ನು ಸೋಲಿಸಿದ ಧ್ವಜದ ಇನ್ನೊಂದು ಕೋಲಿಗೆ ಕೈ ಹಾಕಲು ಊರಿನವರು ಯಾರೂ ಒಪ್ಪಿರಲಿಲ್ಲ. ಆ ಗೋಲ್‌ಕೀಪರ್ ಈಗ ಈ ಮಾತು ನಡೆಯುತ್ತಿದ್ದ ಮನೆಯ ಯಜಮಾನ, ಕಿಟಕಿಯ ಪಕ್ಕ ಕೂತು ಸುಟ್ಟುಹೋದ ಸ್ವಿಚ್ಚೊಂದನ್ನು ಬಿಚ್ಚುತ್ತಿದ್ದ. ಎದುರಿನ ಬೆಂಚಿನ ಮೇಲೆ ಅವನ ಹೆಂಡತಿಯ ಅಣ್ಣ ಟೀ ಕುಡಿಯುತ್ತಿದ್ದ. ನಡುವೆ, ಬಾಗಿಲಿಗೆ ಒರಗಿ ಅವಳು ನಿಂತಿದ್ದಳು.

ಅಂದಿನ ಫೈನಲ್ ಪೆನಾಲ್ಟಿಗೆ ಬಂದಾಗ ಊರಿನ ಪರವಾಗಿ ಕೊನೆಯ ಚೆಂಡು ಒದ್ದವನು ಈ ಅಣ್ಣ, ತಡೆದವನು ಈ ಗಂಡ. ತಡೆದ ರಭಸಕ್ಕೆ ಕಿರುಬೆರಳು ಮುರಿಯಿತು. ಅದಕ್ಕೆ ಪಟ್ಟಿ ಕಟ್ಟಿದ ನರ್ಸ್ ಅವಳೇ. ಪಟ್ಟಿ ಬಿಚ್ಚಿಸಿಕೊಳ್ಳುವ ನೆಪದಲ್ಲಿ ಬಂದವನು ತನ್ನ ಊರಿಗೆ ವಾಪಸು ಹೋಗಲೇ ಇಲ್ಲ. "ಕಪ್ ಹೊಡ್ಕೊಂಡು ಹೋಗಿದ್ದು ಸಾಲದು ಅಂತ ತಂಗೀನೂ ಹೊಡ್ಕೊಂಡ," ಎಂದು ಅಣ್ಣ ಮದುವೆಯ ದಿನ ಹಾಕಿದ ಬಾಯಿಬೀಗವನ್ನು ಇನ್ನೂ ತೆಗೆದಿರಲಿಲ್ಲ. ಭಾನುವಾರ ತಪ್ಪದೆ ಬರುತ್ತಿದ್ದ, ಟೀ ಕುಡಿಯುತ್ತಿದ್ದ, ಭಾವನಿಗೆ ಹೇಳಬೇಕಾದದ್ದನ್ನು ಭಾವನ ಎದುರೇ ತಂಗಿಗೆ ಹೇಳುತ್ತಿದ್ದ. ಆ ಪಂದ್ಯದ ನಂತರ ಊರು ಗೋಲ್‌ಕೀಪರಿಗೆ ಗೋಡೆ ಎಂದು ಹೆಸರಿಟ್ಟಿತ್ತು. ಅಣ್ಣನೂ ಹಾಗೆಯೇ ಕರೆಯುತ್ತಿದ್ದ.

"ನಾನು ಬರಲ್ಲ," ಗಂಡ ಸ್ವಿಚ್ಚಿನಿಂದ ತಲೆ ಎತ್ತದೆ ಹೇಳಿದ. "ಇಷ್ಟು ವರ್ಷ ಈ ಊರಿನ ಅನ್ನ ತಿಂದು, ಈ ಊರನ್ನ ಸೋಲಿಸಿದ ಧ್ವಜ ಹಿಡ್ಕೊಂಡು ಮೆರವಣಿಗೆ ಮಾಡ್ಲಾ?"

ಅಣ್ಣ ಲೋಟ ಕೆಳಗಿಟ್ಟ. "ಗೋಡೆಗೆ ಹೇಳು, ಗೆದ್ದೋರೇ ನಾಚ್ಕೊಂಡು ಮನೇಲಿ ಕೂತ್ರೆ ಸೋತೋರ ಮರ್ಯಾದೆ ಏನಾಗ್ಬೇಕು ಅಂತ."

"ಅಷ್ಟು ಮರ್ಯಾದೆ ಇದ್ರೆ ಇನ್ನೊಂದು ಕೋಲು ಹಿಡಿಯೋರು ಯಾರು ಅಂತ ಕೇಳು ನಿಮ್ಮಣ್ಣನ್ನ."

ಇಬ್ಬರೂ ಅವಳ ಮುಖ ನೋಡಿದರು. ಅವಳಿಗೆ ಸಾಕಾಗಿ ಹೋಗಿತ್ತು. ಹೋದ ತಿಂಗಳು ಅಣ್ಣ ಎದೆನೋವೆಂದು ಆಸ್ಪತ್ರೆ ಸೇರಿದಾಗ ಗಂಡ ಇಡೀ ದಿನ ವಾರ್ಡಿನ ಹೊರಗೆ ಕೂತಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ಇಬ್ಬರಲ್ಲಿ ಒಬ್ಬ ಹೀಗೆಯೇ, ಒಂದು ಮಾತೂ ಆಡದೆ ಹೊರಟುಹೋದರೆ? ಆ ದಿನದಿಂದ ಈ ಭಯ ಅವಳನ್ನು ಬಿಟ್ಟಿರಲಿಲ್ಲ.

"ಇವತ್ತಿಂದ ಅಂಚೆ ಬಂದ್," ಎಂದಳು. "ಏನಿದ್ರೂ ನೀವಿಬ್ಬರೇ ಮಾತಾಡ್ಕೊಳ್ಳಿ. ನಾನು ದಾಟಿಸಲ್ಲ."

ಕಾರ್ಯದರ್ಶಿ ಖಾಲಿ ಲೋಟವನ್ನೇ ಇನ್ನೊಮ್ಮೆ ಸೊರ್ರೆಂದು ಕುಡಿದ. ಅಣ್ಣ ಟೋಪಿ ತಲೆಗೇರಿಸಿ, ಯಾರಿಗೂ ಹೋಗಿಬರುತ್ತೇನೆ ಎನ್ನದೆ ಎದ್ದು ಹೋದ. ಗಂಡ ಬಹಳ ಹೊತ್ತು ಆ ಸ್ವಿಚ್ಚನ್ನು ಬಿಚ್ಚುತ್ತ, ಜೋಡಿಸುತ್ತ ಕೂತಿದ್ದು, ಕಡೆಗೆ ಧ್ವಜವನ್ನು ಕಂಕುಳಿಗೇರಿಸಿದ.

ಮರುದಿನ ಧ್ವಜಗಳು ಒಂದರ ಹಿಂದೊಂದು ಮೈದಾನಕ್ಕಿಳಿದವು. ಆತಿಥೇಯರಾದ ಊರಿನ ಕ್ಲಬ್ಬಿಗೆ ಸಾಲಿನಲ್ಲಿ ಜಾಗವಿರಲಿಲ್ಲ, ಅದು ಒಮ್ಮೆಯೂ ಗೆದ್ದಿರಲಿಲ್ಲವಲ್ಲ. ಎಲ್ಲರಿಗಿಂತ ಹಿಂದೆ ಅವಳ ಗಂಡ, ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಒಬ್ಬನೇ ಬಂದ. ಗಾಳಿಗೆ ಬಟ್ಟೆ ಮುದುಡಿ ಅವನ ಮುಖಕ್ಕೇ ಬಡಿಯುತ್ತಿತ್ತು, ಕ್ಲಬ್ಬಿನ ಹೆಸರು ಓದಲು ಬರುತ್ತಿರಲಿಲ್ಲ. ಮೆಟ್ಟಿಲ ಮೇಲಿನ ಜನ ಮುಲಾಜಿಗೆಂಬಂತೆ ಚಪ್ಪಾಳೆ ತಟ್ಟಿದರು. ನನ್ನ ಹಟಕ್ಕಿಷ್ಟು ಬೆಂಕಿ ಹಾಕ, ಎಂದು ಆ ಜನರ ನಡುವೆ ಕೂತಿದ್ದ ಅವಳು ತನ್ನನ್ನೇ ಬೈದುಕೊಂಡಳು. ಆ ಒಂದು ಮಾತು ದಾಟಿಸಿದ್ದರೆ ಏನು ಗಂಟು ಹೋಗುತ್ತಿತ್ತು?

ಅಷ್ಟರಲ್ಲಿ ಊರಿನ ಹಳೇ ಆಟಗಾರರು ಕೂತಿದ್ದ ಕಡೆಯಿಂದ ಒಬ್ಬ ಕಂಬಿ ದಾಟಿ, ಏದುಸಿರು ಬಿಡುತ್ತ ಬಂದ. ಬಣ್ಣ ಮಾಸಿದ ಊರಿನ ಜರ್ಸಿ ಹೊಟ್ಟೆಯ ಮೇಲೆ ಬಿಗಿದು ನಿಂತಿತ್ತು. ಅಣ್ಣ! ಭಾವನ ಮುಖ ನೋಡದೆ ಅವನ ಎಡಗೈಯಿಂದ ಕೋಲು ಕಿತ್ತುಕೊಂಡ. ಧ್ವಜ ಬಿಚ್ಚಿಕೊಂಡಿತು. ಈಗ ಬಿದ್ದ ಚಪ್ಪಾಳೆ ಮುಲಾಜಿನದಾಗಿರಲಿಲ್ಲ.

ಅಂದು ಪೆನಾಲ್ಟಿ ಒದ್ದ ಆ ತುದಿಯ ಗೋಲಿನ ಹತ್ತಿರ ಬಂದಾಗ ಇಬ್ಬರೂ ನಿಂತುಬಿಟ್ಟರು. ಅಣ್ಣ ಬೂಟಿನ ತುದಿಯಿಂದ ಗೋಲಿನ ಬಿಳಿ ಗೆರೆ ತೋರಿಸಿ, ಎರಡು ಹೆಜ್ಜೆ ಮುಂದೆ ಬಂದು, ಒದೆಯುವ ಮೊದಲೇ ನೀನು ಗೆರೆ ಬಿಟ್ಟು ಇಲ್ಲಿಗೆ ಬಂದಿದ್ದೆ ಎನ್ನುವಂತೆ ನೆಲ ಕುಟ್ಟಿ ಏನೋ ಹೇಳಿದ. ಗಂಡ ಸುತರಾಂ ಇಲ್ಲವೆಂದು ತಲೆಯಾಡಿಸಿ, ಹೋಗಿ ಆ ಗೆರೆಯ ಮೇಲೇ ನಿಂತು, ಸೊಟ್ಟಗಿನ ಕಿರುಬೆರಳನ್ನು ಅಣ್ಣನ ಮೂಗಿನ ಮುಂದೆ ಹಿಡಿದ. ಕೋಲುಗಳು ವಾಲಿ ಧ್ವಜ ಹುಲ್ಲು ಮುಟ್ಟಿತು. ಮುಂದಿನವರು ಆಗಲೇ ದೂರ ಹೋಗಿದ್ದರು. ಕಾರ್ಯದರ್ಶಿ ಕೈ ಬೀಸುತ್ತ ಓಡಿ ಬರುತ್ತಿದ್ದ, ಇಬ್ಬರೂ ಅವನನ್ನು ಕ್ಯಾರೇ ಅನ್ನಲಿಲ್ಲ.

"ಅಯ್ಯೋ, ಆ ತಾತಂದಿರು ಜಗಳ ಆಡ್ತಿದ್ದಾರಾ?" ಪಕ್ಕದಲ್ಲಿದ್ದ ಹುಡುಗಿ ಕೇಳಿದಳು.

"ಇಲ್ಲ ಕಣಮ್ಮ," ಅವಳು ಕಣ್ಣೊರೆಸಿಕೊಂಡಳು. "ಮಾತಾಡ್ತಿದ್ದಾರೆ."