ಹದಿನಾರು ಪಟ್ಟಿನ ಸ್ಕೋಪು

“ನರಿ ಹೊಡೆಯೋಕೆ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸೋ ಸ್ಕೋಪು ಧಾರಾಳ ಆಯ್ತು ಭಾವ,” ಎಂದ, ಕೋವಿ ಅಂಗಡಿ ಇಟ್ಟಿದ್ದ ಭಾವಮೈದ. “ಜಾಸ್ತಿ ಆದ್ರೆ ಓಡೋ ಪ್ರಾಣಿ ಗಾಜಿನೊಳಗೆ ಸಿಗೋದೇ ಇಲ್ಲ.”

“ಹದಿನಾರು ಪಟ್ಟಿಂದೇ ಕೊಡು.”

ಭಾವಮೈದನಿಗೆ ಹೋದ ವರ್ಷದ್ದು ನೆನಪಾಯಿತು. ಮಂಜಿನಲ್ಲಿ ನರಿಯೆಂದು ಬಗೆದು ಇವನು ಸ್ವಂತ ತಮ್ಮನಿಗೇ ಗುಂಡು ಹೊಡೆದಿದ್ದ. ಆ ತಮ್ಮ ಹಿರಿಯಣ್ಣನಿಂದ ಕೇಳಿ ತೊಟ್ಟಿದ್ದ ಕೋಟಿನ ಬೆನ್ನು ಚಿಂದಿಯಾಗಿ, ಎಲುಬು ಹೊರಗೆ ಬಂದಿತ್ತು. ಆಕಸ್ಮಿಕವೆಂದು ಕೋರ್ಟು ಬಿಟ್ಟಿತ್ತು.

“ಸರಿ ಬಿಡಿ,” ಎಂದು ಪೆಟ್ಟಿಗೆ ಇಳಿಸಿದ. “ನರಿಯೋ ಮನುಷ್ಯನೋ ಗೊತ್ತಾಗ್ಬೇಕಲ್ಲ.”

“ಮನುಷ್ಯ ಅಂತ ಅವತ್ತೇ ಗೊತ್ತಿತ್ತು ಕಣೋ.” ಅವನು ಗಾಜಿಗೆ ಕಣ್ಣಿಟ್ಟು ಬೀದಿಯಲ್ಲಿ ಹೋಗುವವರ ಮುಖಗಳನ್ನು ಒಂದೊಂದಾಗಿ ನೋಡಿದ. “ಮುಖ ಕಾಣಲಿಲ್ಲ, ಅಷ್ಟೆ. ಕೋಟು ನೋಡಿ ಅಣ್ಣನೇ ಅಂತ ಹೊಡೆದುಬಿಟ್ಟೆ.”