ಅಂಗೈಯಗಲದ ಮಡಿಕೆ

ಕತ್ತರಿ ಬಟ್ಟೆಯ ಮೇಲೆಯೇ ನಿಂತುಬಿಟ್ಟಿತು. ಮೊಮ್ಮಗಳ ಫ್ರಾಕಿನ ಉದ್ದಕ್ಕೆ ಸೀಮೆಸುಣ್ಣದ ಗೆರೆ ಎಳೆದಾಗಿತ್ತು; ಅದರ ಕೆಳಗೆ ಮಡಿಕೆಗೆ ಎಷ್ಟು ಬಿಡುವುದೆಂದು ದರ್ಜಿ ಅಜ್ಜಿ ಮೀನಮೇಷ ಎಣಿಸುತ್ತಿದ್ದಳು.

ಅವಳ ಶ್ವಾಸಕೋಶದಲ್ಲಿ ಅಲ್ಲಲ್ಲಿ ಸಾಸಿವೆಯಂಥ ಗಂಟುಗಳು ಕಂಡಂದಿನಿಂದ ಡಾಕ್ಟರದು ಒಂದೇ ಮಾತು: "ಈಗಲೇ ಏನೂ ಮಾಡೋದು ಬೇಡ. ಬೆಳೀತಾವಾ ಅಂತ ಕಣ್ಣಿಟ್ಟಿರೋಣ." ಅಂದಿನಿಂದ ಅವಳು ಹೊಲಿದ ಫ್ರಾಕಿಗೆಲ್ಲ ಅಂಗೈಯಗಲದ ಮಡಿಕೆ. ತಾನಿಲ್ಲದಿದ್ದರೂ ಮಗು ಬೆಳೆದ ಹಾಗೆ ಯಾರಾದರೂ ಬಿಚ್ಚಿ ಇಳಿಸಲಿ ಅಂತ. "ಭಾರ ಅಜ್ಜಿ, ಓಡೋಕಾಗಲ್ಲ," ಎಂದು ಮಗು ಗೊಣಗುತ್ತಿತ್ತು.

ಇವತ್ತಿನ ಸ್ಕ್ಯಾನಿನಲ್ಲಿ ಒಂದು ಗಂಟೂ ಬೆಳೆದಿರಲಿಲ್ಲ. "ಆರು ತಿಂಗಳು ಬಿಟ್ಟು ಮತ್ತೆ ನೋಡೋಣ," ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಮಗುವಿನ ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಹುಟ್ಟಿರುತ್ತದೆ. ಆ ಹೊಸ ಹಲ್ಲಿನ ನಗು ನೋಡಬೇಕು, ಆಮೇಲಿನದ್ದನ್ನೂ ನೋಡಬೇಕು ಎಂದು ಜೀವ ಹಾತೊರೆಯಿತು. ಗೆರೆಯ ಕೆಳಗೆ ಬೆರಳಗಲವಷ್ಟೇ ಬಿಟ್ಟು ಕತ್ತರಿ ಓಡಿತು.

"ಅಮ್ಮಾ, ಮಡಿಕೆಗೆ ಬಿಡೋದು ಮರೆತೆಯಾ?" ಎಂದಳು ಪಕ್ಕದಲ್ಲಿದ್ದ ಮಗಳು. "ಬರೋ ವರ್ಷಕ್ಕೆ ಗಿಡ್ಡ ಆಗುತ್ತಲ್ಲ."

"ಆಗ್ಲಿ ಬಿಡು," ಎಂದಳು ಅಜ್ಜಿ, ಸೂಜಿಗೆ ದಾರ ಪೋಣಿಸುತ್ತ. "ಬರೋ ವರ್ಷದ್ದನ್ನ ಬರೋ ವರ್ಷ ಹೊಲೀತೀನಿ."