ಸೆರಗು ಹಿಡಿದು ನೋಡಿದ್ದು

"ಇದೊಂದೇ, ಮುಖ ಇತ್ತ ತಿರುಗಿಸು," ಎಂದು ಸಿದ್ದಲಿಂಗೇಶ್ ಮತ್ತೆ ಕ್ಯಾಮೆರಾ ಎತ್ತಿದ. ಬ್ರಹ್ಮಗಿರಿಯ ಬಂಡೆಗೆ ಒರಗಿದ್ದ ಹೆಂಡತಿ ಶಿವರಂಜನಿ ಚಪ್ಪಲಿಯ ತುದಿಯಿಂದ ಕಲ್ಲು ಒದೆಯುತ್ತಲೇ ಇದ್ದಳು. "ಮಾರೋದು ಸೀರೆ ಅಲ್ವೇನ್ರಿ? ನನ್ನ ಮುಖ ಯಾಕೆ?"

"ಮುಖ ಇಲ್ದಿದ್ರೆ ಯಾರು ತಗೊಂತಾರೆ?"

ಮೊಳಕಾಲ್ಮೂರಿನ ಅವರ ಅಂಗಡಿಯಿಂದ ಫೋಟೊ ನೋಡಿ ರೇಷ್ಮೆ ಸೀರೆ ತರಿಸಿಕೊಂಡವರು, ಬಣ್ಣ ಬೇರೆ ಎಂದು ವಾಪಸ್ ಕಳಿಸುತ್ತಿದ್ದರು. ಅದಕ್ಕೇ ಅವನು ಬೇವಿನ ನೆರಳಲ್ಲಿ ಕೂತು, ಫೋಟೊವನ್ನು ಮೊಬೈಲಿಗೆ ಇಳಿಸಿಕೊಂಡು ಅಲ್ಲೇ ತಿದ್ದತೊಡಗಿದ. ಪಕ್ಕ ಕೂತ ಅವಳ ಸೆರಗನ್ನು ಎಳೆದು ಪರದೆಯ ಬದಿಗೆ ಹಿಡಿದ. ಫೋಟೊದಲ್ಲಿ ಕೆಂಪು ಬಣ್ಣ ತುಸು ಹೆಚ್ಚಾಗಿತ್ತು. ತಗ್ಗಿಸಿದ, ಮತ್ತೆ ಹಿಡಿದು ನೋಡಿದ, ಮತ್ತೆ ತಗ್ಗಿಸಿದ. ಕೊನೆಗೂ ಸೀರೆಯ ಬಣ್ಣ ಕೂಡಿಬಂತು. ಸೆರಗು ಬಿಟ್ಟು, ಅದೇ ಬೆರಳಲ್ಲಿ, ಯೋಚನೆಯೇ ಇಲ್ಲದೆ ಅವಳ ಮುಖವನ್ನು ಒಂದಿಷ್ಟು ಬೆಳ್ಳಗೆ ಮಾಡಿದ. ಇನ್ನೊಂದಿಷ್ಟು ಮಾಡಿದ.

"ಈಗ ನೋಡು. ಇದ್ದದ್ದು ಇದ್ದಂಗೇ ಐತೆ."

ಶಿವರಂಜನಿ ನೋಡಿದಳು. ಬಳೆಗಳನ್ನು ಮೇಲಕ್ಕೆ ಸರಿಸಿ, ತನ್ನ ಕಪ್ಪು ಮುಂಗೈಯನ್ನು ಪರದೆಯ ಬದಿಗೆ, ಅವನು ಸೆರಗು ಹಿಡಿದಿದ್ದ ಜಾಗದಲ್ಲೇ ಇಟ್ಟಳು.

"ಇದನ್ನ ಹಿಡಿದು ನೋಡ್ಲೇ ಇಲ್ವಲ್ರಿ."